ಮಳೆಯಾದ ಮರುದಿನ ಎರೆ ದಾರಿಗೆ ಕಾರು ಇಳಿಸಬೇಡಿ

ಕಲಬುರಗಿಯಿಂದ ಸನ್ನತಿ ಕಡೆಗೆ ಕಾರಿನಲ್ಲಿ ಹೊರಡುವವರು, ಅದರಲ್ಲೂ ಹೊಸದಾಗಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರು, ದಯವಿಟ್ಟು ಇದನ್ನು ಓದಿ.

ಕಳೆದ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಯಜಮಾನರೂ ಸನ್ನತಿ ಪಕ್ಕದ ಕನಗನಹಳ್ಳಿಗೆ ಹೋಗಿ, ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ಸಿಕ್ಕ ಆ ಸ್ತೂಪ ನೋಡಿ, ಸನ್ನತಿಯ ಚಂದ್ರಲಾಂಬಾ ದೇವಿಗೆ ಕೈಮುಗಿದು ಹೊರಟಿದ್ದೆವು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಭೀಮಾ ನದಿಯ ದಂಡೆಯತ್ತ ಬಂಡಿ ದಾರಿಯೊಂದು ಕಂಡಿತು, ಇಳಿದೆವು. ಹಿಂದಿನ ರಾತ್ರಿ ಮಳೆಯಾಗಿತ್ತು. ಬೆಳಗಿನ ಬಿಸಿಲಿಗೆ ಎರೆ, ಅಂದರೆ ಇಲ್ಲಿನ ಕಪ್ಪು ಮಣ್ಣು, ಬೂದು ಬಣ್ಣಕ್ಕೆ ತಿರುಗಿ ಒಣಗಿದಂತೆ ಕಾಣುತ್ತಿತ್ತು. ಮೋಸ ಇರುವುದು ಅಲ್ಲೇ. ಕಟಕ ರೊಟ್ಟಿಯಷ್ಟು ತೆಳುವಾದ ಆ ಪದರದ ಕೆಳಗೆ ನೆಲವೆಲ್ಲ ಬೆಣ್ಣೆಯಾಗಿತ್ತು.

ಒಂದು ಸಣ್ಣ ಹಳ್ಳ ದಾಟಿ ತೊಗರಿ ಹೊಲದ ನಡುವೆ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗಲಿಲ್ಲ. ಮರುಭೂಮಿಯ ಕಣಿವೆಗಳಲ್ಲಿ ಗಾಡಿ ಓಡಿಸುವವರ ವಿಡಿಯೊ ನೋಡಿದ್ದ ಇವರು ಇಳಿದು ಟೈರ್‌ಗಳ ಗಾಳಿ ಕಡಿಮೆ ಮಾಡಿದರು. ಮರಳಿಗೆ ಅದು ಸರಿ, ಟೈರ್ ಅಗಲವಾಗಿ ಭಾರ ಹಂಚಿಹೋಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುವ ಜಿಗುಟು ಮಣ್ಣು. ಟೈರಿನ ಸಂದುಗಳಲ್ಲೆಲ್ಲ ತುಂಬಿಕೊಂಡರೆ ಟೈರು ನುಣ್ಣನೆಯ ಗುಂಡಾಗುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ನಾಲ್ಕೂ ಹೂತುಕೊಳ್ಳುತ್ತವೆ, ಅಷ್ಟೇ. ಜಾಕ್ ಇಟ್ಟರೆ ಜಾಕೇ ಇಳಿಯಿತು. ನಾನು ಪಾನಾದಿಂದ ಮಡ್‌ಗಾರ್ಡಿನೊಳಗಿನ ಮಣ್ಣು ಕೆದಕಿದೆ. ಕೆದಕಿದ್ದೆಲ್ಲ ಪಾನಾಕ್ಕೇ ಅಂಟಿಕೊಂಡು ಬರುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ.

ಗಾಡಿ ಬಿಟ್ಟು ನಡೆದೇ ಹೋಗೋಣ ಎಂದು ಸಂಜೆ ಹಿಂದಿರುಗಿದರೆ, ಬರುವಾಗ ಪಾದ ಮುಳುಗುವಷ್ಟಿದ್ದ ಹಳ್ಳ ತೊಡೆಮಟ್ಟ ಕೆಂಪಗೆ ಹರಿಯುತ್ತಿತ್ತು. ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಮಳೆ ಮೇಲೆಲ್ಲೋ ಬಿದ್ದಿತ್ತು. ಇವರು ಒಂದು ಕಾಲು ಇಟ್ಟೂ ಬಿಟ್ಟಿದ್ದರು. ಹಿಂದಿನಿಂದ ಓಡಿಬಂದ ಹಿರಿಯ ರೈತರೊಬ್ಬರು ತೋಳು ಹಿಡಿದು ಎಳೆದುಕೊಂಡರು. ಅವರು ಬಾರದಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ನನಗೆ ಧೈರ್ಯವಿಲ್ಲ. ರಾತ್ರಿ ಅವರ ಹೊಲದ ಗುಡಿಸಲಿನಲ್ಲೇ ಕಳೆದೆವು. "ಹದ ಬರುವ ತನಕ ನಾವೇ ಎರೆಗೆ ಎತ್ತು ಇಳಿಸುವುದಿಲ್ಲ, ತಮ್ಮಾ. ನೀವು ಕಾರು ಇಳಿಸಿದಿರಲ್ಲ" ಎಂದರು. ಮೂರನೆಯ ದಿನ ಎರಡು ಜೋಡಿ ಎತ್ತು ಕಟ್ಟಿ ಗಾಡಿ ಎಳೆಸಿದರು. ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ.

ದಾರಿ ಎಷ್ಟೇ ಒಣಗಿದಂತೆ ಕಂಡರೂ ಮೊದಲು ಇಳಿದು ಹಿಮ್ಮಡಿಯಿಂದ ಒತ್ತಿ ನೋಡಿ. ಚಪ್ಪಲಿಗೆ ಕಪ್ಪು ಮಣ್ಣು ಮೆತ್ತಿಕೊಂಡು ಬಂದರೆ ಗಾಡಿಯನ್ನು ಡಾಂಬರಿನ ಮೇಲೇ ಬಿಟ್ಟುಬಿಡಿ. ನಡುವೆ ಹಳ್ಳವಿದ್ದರೆ ನಡೆದೂ ಹೋಗಬೇಡಿ.