ತಾನಾಗೇ ಆಫ್ ಆಗೋದರಲ್ಲಿ ಜಾಣ ಯಾರು: ಕಾರೋ, ಲ್ಯಾಪ್‌ಟಾಪೋ?

ಹೊಸ ಕಾರು ತಗೊಂಡ ವಾರ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟೆ, ಎಂಜಿನ್ ನಿಂತೇ ಹೋಯಿತು. ಕೈ ಸೀದಾ ಕೀಗೆ ಹೋಯಿತು. ಹಿಂದಿನ ಆಟೋದವರು ಹಾರ್ನ್ ಶುರು ಮಾಡಿದರು. ಗಾಬರಿಯಲ್ಲಿ ಕ್ಲಚ್ ಒತ್ತಿದೆ, ತಾನಾಗೇ ಸ್ಟಾರ್ಟ್ ಆಯಿತು. ಪೆಟ್ರೋಲ್ ಉಳಿಸೋಕೆ, ಕಾರು ನಿಂತಾಗ ಎಂಜಿನ್ ತಾನಾಗೇ ಆಫ್ ಆಗುವ ಐಡಲ್ ಸ್ಟಾರ್ಟ್-ಸ್ಟಾಪ್ ಇದೇ ಅಂತ ಆಮೇಲೆ ಗೊತ್ತಾಯಿತು.

ನನ್ನ ಲ್ಯಾಪ್‌ಟಾಪ್ ಕೂಡ ಹೀಗೇ, ಸ್ವಲ್ಪ ಹೊತ್ತು ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುತ್ತದೆ. ಎರಡನ್ನೂ ಎರಡು ತಿಂಗಳು ಗಮನಿಸಿದೆ.

ಕಾರು ಸುಮ್ನೆ ಆಫ್ ಆಗಲ್ಲ. ಎಂಜಿನ್ ಸಾಕಷ್ಟು ಬಿಸಿಯಾಗಿರಬೇಕು, ಬ್ಯಾಟರಿಯಲ್ಲಿ ಚಾರ್ಜ್ ಇರಬೇಕು, ಸೀಟ್ ಬೆಲ್ಟ್ ಹಾಕಿರಬೇಕು. ಒಳಗೆ ಇನ್ನೂ ತಣ್ಣಗಾಗಿಲ್ಲ ಅಂದರೆ ಎಂಜಿನ್ ಓಡುತ್ತಲೇ ಇರುತ್ತದೆ, ಏಕೆಂದರೆ ಎಸಿ ಕಂಪ್ರೆಸರ್ ತಿರುಗೋದು ಎಂಜಿನ್ನಿನ ಬೆಲ್ಟಿನಿಂದ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ನನ್ನ ಕಾರು ಆಫ್ ಆಗಿದ್ದೇ ಅಪರೂಪ. ಆಫ್ ಆದಾಗ ಬರೀ ಬ್ಲೋವರ್ ಗಾಳಿ. ಹಿಂದಿನ ಸೀಟಿಂದ ಮಗಳು, "ಅಪ್ಪಾ, ಎಸಿ ಕೆಟ್ಟೋಯ್ತಾ?"

ಲ್ಯಾಪ್‌ಟಾಪಿಗೆ ಇಷ್ಟೆಲ್ಲಾ ವಿಚಾರ ಇಲ್ಲ. ಅದು ನೋಡೋದು ಮುಖ್ಯವಾಗಿ ಕೀಬೋರ್ಡ್, ಮೌಸ್ ಅಲುಗಿ ಎಷ್ಟು ನಿಮಿಷ ಆಯಿತು ಅಂತ. ಒಂದು ರಾತ್ರಿ ಫೋಟೋಗಳನ್ನು ಬ್ಯಾಕಪ್‌ಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ 11 ಪರ್ಸೆಂಟಿಗೆ ನಿಂತಿದೆ, ಲ್ಯಾಪ್‌ಟಾಪ್ ನನಗಿಂತ ಮೊದಲೇ ಮಲಗಿತ್ತು! ಈಗ ಅಂಥ ಕೆಲಸಕ್ಕೆ ಸ್ಲೀಪ್ ಬಂದ್ ಮಾಡಿ ವಿಂಡೋಸ್‌ನ ಶಟ್‌ಡೌನ್ ಕಮಾಂಡಿಗೆ 7200 ಸೆಕೆಂಡ್ ಕೊಡುತ್ತೇನೆ. ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಆಫ್.

ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಶಿವಮೊಗ್ಗಕ್ಕೆ ಹೋದಾಗ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ್ದೆ. ಊರಲ್ಲಿ ತೆಗೆದರೆ ರೊಟ್ಟಿ ಹೆಂಚಿನ ಹಾಗೆ ಸುಡುತ್ತಿದೆ, ಬ್ಯಾಟರಿ 9 ಪರ್ಸೆಂಟ್. ಸ್ಲೀಪ್ ಅಂದರೆ ಪೂರ್ತಿ ಆಫ್ ಅಲ್ಲ, ತೆರೆದಿದ್ದ ಕೆಲಸವನ್ನು ಹಿಡಿದಿಟ್ಟುಕೊಂಡ ರ್‍ಯಾಮ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳು ಆ ಸ್ಥಿತಿಯಲ್ಲೂ ನೆಟ್‌ವರ್ಕ್ ಬಿಡಲ್ಲ, ಆಗಾಗ ಎದ್ದು ಅಪ್‌ಡೇಟ್ ಹುಡುಕುತ್ತವೆ. ಗಾಳಿಯಾಡದ ಬ್ಯಾಗಿನಲ್ಲಿ ಬಿಸಿ ಎಲ್ಲಿಗೆ ಹೋಗಬೇಕು?

ಮದ್ದು ಹೈಬರ್ನೇಟ್. ತೆರೆದಿದ್ದ ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಅಂತ ಆರಿಸಿಟ್ಟೆ. ಮತ್ತೆ ಏಳೋಕೆ ನನ್ನದಕ್ಕೆ ಸುಮಾರು 20 ಸೆಕೆಂಡ್ ಬೇಕು. ರಾತ್ರಿ ಇದ್ದಷ್ಟೇ ಚಾರ್ಜ್ ಬೆಳಗ್ಗೆಯೂ ಇರುತ್ತದೆ.

ಪೆಟ್ರೋಲ್ ಉಳಿಯಿತಾ? ನನ್ನ ಲೆಕ್ಕದಲ್ಲಿ ಲೀಟರಿಗೆ ಅರ್ಧ ಕಿಲೋಮೀಟರ್ ಜಾಸ್ತಿ ಸಿಕ್ಕಿತು, ಅಷ್ಟೇ. ಆದರೆ ಪದೇ ಪದೇ ಸ್ಟಾರ್ಟ್ ಮಾಡಿದರೂ ತಾಳಿಕೊಳ್ಳುವ, ಇಎಫ್‌ಬಿ ಇಲ್ಲವೇ ಎಜಿಎಂ ಅನ್ನುವ ಬೇರೆ ಬಗೆಯ ಬ್ಯಾಟರಿಯೇ ಬೇಕು. ಮಾಮೂಲಿ ಬ್ಯಾಟರಿಗಿಂತ ದುಬಾರಿ. ಬದಲಾಯಿಸುವ ದಿನ ಬಂದಾಗ ಉಳಿದಿದ್ದರಲ್ಲಿ ಎಷ್ಟು ಕೈಯಲ್ಲಿರುತ್ತದೋ!

ಆದರೂ ಜಾಣತನದಲ್ಲಿ ನನ್ನ ಓಟು ಕಾರಿಗೇ. ಉದ್ದದ ಸಿಗ್ನಲ್ಲಿನಲ್ಲಿ ಆ ನಿಶ್ಶಬ್ದ ಹಿತವಾಗಿರುತ್ತದೆ. ಹತ್ತಡಿ ಹೋಗು, ನಿಲ್ಲು ಅನ್ನುವ ಜಾಮಿನಲ್ಲಿ ಮಾತ್ರ ಕಿರಿಕಿರಿ. ಅಲ್ಲಿ ಬಟನ್ ಒತ್ತಿ ಬಂದ್ ಮಾಡುತ್ತೇನೆ. ಮರುದಿನ ಕೀ ತಿರುಗಿಸಿದರೆ ಅದು ಮತ್ತೆ ಆನ್. ಲ್ಯಾಪ್‌ಟಾಪಿಗೆ ಒಂದು ಸಲ ಹೇಳಿದರೆ ಸಾಕು, ಕಾರಿಗೆ ದಿನಾ ಹೇಳಬೇಕು.