ಹನ್ನೆರಡು ವರ್ಷ ಒಂದೇ ಫಾಂಟ್: ಆಟೋಕ್ಯಾಡ್‌ನ ರೋಮನ್ಸ್ ಬಳಸಿದ ಅನುಭವ

ಕಟ್ಟಡಗಳ ಸ್ಟ್ರಕ್ಚರಲ್ ನಕ್ಷೆ ಬರೆಯುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ ಮುಂದೆ ಕೂತು ಹದಿನಾಲ್ಕು ವರ್ಷವಾಯಿತು. ಮೊದಲ ಎರಡು ವರ್ಷ ಎಲ್ಲದಕ್ಕೂ ಏರಿಯಲ್ ಬಳಸುತ್ತಿದ್ದೆ. ಆಮೇಲಿನ ಹನ್ನೆರಡು ವರ್ಷ ರೋಮನ್ಸ್ ಎಂಬ, ಆಟೋಕ್ಯಾಡ್‌ನದೇ ಎಸ್‌ಎಚ್‌ಎಕ್ಸ್ ಬಗೆಯ ಫಾಂಟ್ ಬಿಟ್ಟು ಬೇರೆಯದರ ಕಡೆಗೆ ಹೆಚ್ಚು ಹೋಗಿಲ್ಲ.

ಬದಲಾಯಿಸಲು ಕಾರಣ ಒಬ್ಬ ಕಂಬಿ ಮೇಸ್ತ್ರಿ. ಎ1 ಹಾಳೆಗೆಂದು ಬರೆದ ನಕ್ಷೆಯನ್ನು ಸೈಟಿನಲ್ಲಿ ಎ3ಗೆ ಇಳಿಸಿ ಜೆರಾಕ್ಸ್ ಮಾಡಿಕೊಂಡಿದ್ದರು. ಹಾಳೆಯ ಮಡಿಕೆಗಳಲ್ಲಿ ಸಿಮೆಂಟ್ ಧೂಳು ತುಂಬಿತ್ತು. ಅವರು ಕಾಲಮ್ ಷೆಡ್ಯೂಲಿನ (ಕಂಬಗಳ ಕಂಬಿ ವಿವರದ ಕೋಷ್ಟಕ) ಒಂದು ಚೌಕದ ಮೇಲೆ ಬೆರಳಿಟ್ಟು, "ಮೇಡಂ, ರಿಂಗಿನ ಅಂತರ ನೂರೈವತ್ತೋ ನೂರ ಎಂಬತ್ತೋ?" ಎಂದು ಕೇಳಿದರು. ಬಗ್ಗಿ ನೋಡಿದೆ. ಏರಿಯಲ್‌ನ ದಪ್ಪ ಗೆರೆಗಳ ನಡುವಿನ ಬಿಳಿ ಜಾಗ ಮುಚ್ಚಿಹೋಗಿ 5ಕ್ಕೂ 8ಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಬರೆದವಳು ನಾನೇ, ಓದಲು ನನಗೇ ಆಗಲಿಲ್ಲ. ಅವರು ಕೇಳದೆ ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಏರಿಯಲ್‌ನಂಥ ಟ್ರೂಟೈಪ್ ಫಾಂಟಿನ ಅಕ್ಷರ ಎಂದರೆ ಒಳಗೆ ಮಸಿ ತುಂಬಿದ ಒಂದು ಆಕೃತಿ. ಅದರ ಗೆರೆ ಎಷ್ಟು ದಪ್ಪವಿರಬೇಕೆಂದು ಫಾಂಟ್ ಮಾಡಿದವರು ಆಗಲೇ ನಿರ್ಧರಿಸಿರುತ್ತಾರೆ. ರೋಮನ್ಸ್ ಹಾಗಲ್ಲ, ಸ್ಟೆನ್ಸಿಲ್ ಇಟ್ಟು ಪೆನ್ನಿನಲ್ಲಿ ಎಳೆದ ಒಂಟಿ ಗೆರೆಯಂತೆ. ಗೆರೆಯ ದಪ್ಪವನ್ನು ನಾವು ಲೈನ್‌ವೇಟ್‌ನಲ್ಲಿ ಕೊಡಬಹುದು. ನಕ್ಷೆಯ ಅಕ್ಷರಗಳಿಗೆಂದೇ ಇರುವ ಐಎಸ್‌ಒ 3098 ಮಾನಕದ ಬಿ ಮಾದರಿಯಲ್ಲಿ ಗೆರೆಯ ದಪ್ಪ ಅಕ್ಷರದ ಎತ್ತರದ ಹತ್ತನೇ ಒಂದು ಭಾಗ. 3.5 ಮಿ.ಮೀ. ಅಕ್ಷರಕ್ಕೆ 0.35ರ ಪೆನ್ನು. ನಾನು ಇದನ್ನೇ ಪಾಲಿಸುತ್ತೇನೆ.

ಆ ಮಾನಕದ ಎತ್ತರಗಳ ಸಾಲು ನನಗೆ ಬಹಳ ಇಷ್ಟ: 2.5, 3.5, 5, 7, 10. ಎ1 ನಕ್ಷೆಯನ್ನು ಎ2ಗೆ ಇಳಿಸಿದರೆ 3.5 ಇದ್ದದ್ದು 2.5 ಆಗುತ್ತದೆ, 5 ಇದ್ದದ್ದು 3.5 ಆಗುತ್ತದೆ. ಹಾಳೆ ಒಂದು ಮೆಟ್ಟಿಲು ಇಳಿದರೆ ಅಕ್ಷರವೂ ಅದೇ ಸಾಲಿನಲ್ಲಿ ಒಂದು ಮೆಟ್ಟಿಲು ಇಳಿಯುತ್ತದೆ. ಎ3ಗೆ ಹೋದರೆ ಎತ್ತರ ನೇರ ಅರ್ಧ. ಸೈಟಿನವರು ಎ3 ಮಾಡಿಕೊಳ್ಳುವುದು ಖಂಡಿತವಾದ್ದರಿಂದ, ಕಂಬಿಯ ವಿವರಗಳನ್ನು ಈಗ 5 ಮಿ.ಮೀ.ಗಿಂತ ಚಿಕ್ಕದಾಗಿ ಬರೆಯುವುದೇ ಇಲ್ಲ. 1:100ರ ಪ್ಲಾನನ್ನು ಮಾಡೆಲ್ ಸ್ಪೇಸಿನಲ್ಲಿ, ಅಂದರೆ ಕಟ್ಟಡವನ್ನು ನಿಜವಾದ ಅಳತೆಯಲ್ಲೇ ಬರೆಯುವ ಜಾಗದಲ್ಲಿ, ಬರೆಯುವಾಗ ಅದು 500 ಮಿ.ಮೀ. ಆಗುತ್ತದೆ. ಹೊಸಬರು ಎಡವುವುದು ಈ ಲೆಕ್ಕದಲ್ಲೇ.

ಇನ್ನೊಂದು ಕಡೆಯೂ ಎಡವುತ್ತಾರೆ. ಅಕ್ಷರದ ರೂಪ ನಿಗದಿ ಮಾಡುವ ಟೆಕ್ಸ್ಟ್ ಸ್ಟೈಲ್‌ನಲ್ಲಿ ಎತ್ತರವನ್ನು 0 ಎಂದೇ ಬಿಡಬೇಕು. ಅಲ್ಲಿ ಒಂದು ಅಂಕಿ ತುಂಬಿದರೆ ಅಳತೆಗಳ ರೂಪ ನಿಗದಿ ಮಾಡುವ ಡೈಮೆನ್ಷನ್ ಸ್ಟೈಲ್‌ನಲ್ಲಿ ಕೊಟ್ಟ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಅಕ್ಷರವನ್ನು ಅಡ್ಡಕ್ಕೆ ಎಷ್ಟು ಕುಗ್ಗಿಸಬೇಕು ಎಂದು ಹೇಳುವ ಅಗಲದ ಅಂಶ ನನ್ನದು 0.85. ಕೋಷ್ಟಕದಲ್ಲಿ ಹಿಡಿಸಲು 0.6ಕ್ಕೆ ಹಿಸುಕಿದ ನಕ್ಷೆಗಳನ್ನು ಕಂಡರೆ ಬೇಸರವಾಗುತ್ತದೆ; ಕೋಷ್ಟಕವನ್ನೇ ಅಗಲ ಮಾಡಲು ಏನು ಕಷ್ಟ? ಟಿಎಕ್ಸ್‌ಟಿ ಎಂಬ ಹಳೆಯ ಎಸ್‌ಎಚ್‌ಎಕ್ಸ್ ಫಾಂಟ್ ಯಾರಿಗೂ ಬೇಡ. ನಿಧಾನ ಕಂಪ್ಯೂಟರುಗಳ ಕಾಲದಲ್ಲಿ ಬೇಗ ಮೂಡಲೆಂದು ಅದರ ಬಾಗುಗಳನ್ನೆಲ್ಲ ನೆಟ್ಟಗಿನ ತುಂಡುಗಳಲ್ಲಿ ಮುಗಿಸಿದ್ದಾರೆ.

ರೋಮನ್ಸ್‌ಗೂ ಕೊರತೆಗಳಿವೆ. ಪಿಡಿಎಫ್ ಮಾಡಿದಾಗ ಅಕ್ಷರಗಳು ಬರಿಯ ಗೆರೆಗಳಾಗುತ್ತವೆ. ಪಿಡಿಎಫ್‌ಎಸ್‌ಎಚ್‌ಎಕ್ಸ್ ಎಂಬ ವೇರಿಯಬಲ್ 1 ಇದ್ದರೆ ಪದಗಳು ಟಿಪ್ಪಣಿಗಳ ರೂಪದಲ್ಲಿ ಸೇರಿ ಹುಡುಕಲು ಸಿಗುತ್ತವೆ, ಆದರೆ ತೆರೆದವರ ಮುಂದೆ ನೂರಾರು ಟಿಪ್ಪಣಿಗಳ ಪಟ್ಟಿ ಬಂದು ನಿಲ್ಲುತ್ತದೆ. ಸೈಟಿಗೆ ಕಳುಹಿಸುವಾಗ ನಾನು 0 ಮಾಡುತ್ತೇನೆ. ರೂಪಾಯಿ ಚಿಹ್ನೆ ಬೇಕಾದಲ್ಲಿ ಟ್ರೂಟೈಪ್‌ಗೇ ಹೋಗಬೇಕು. ಶೀರ್ಷಿಕೆಯ ಚೌಕಕ್ಕೂ ನಾನು ಅದನ್ನೇ ಬಳಸುತ್ತೇನೆ. ಅಲ್ಲಿ ಅಕ್ಷರ ದೊಡ್ಡದು, ಅಪಾಯವಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ರೋಮನ್ಸ್ ಕೈಚೆಲ್ಲುತ್ತದೆ, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಮನೆ ಕಟ್ಟಿಸುವವರಿಗೆ ಕೊಡುವ ಪ್ಲಾನಿನಲ್ಲಿ ಅಡುಗೆಮನೆ, ದೇವರಮನೆ, ಪಡಸಾಲೆ ಎಂದು ಕನ್ನಡದಲ್ಲೇ ಬರೆಯುವುದು ನನ್ನ ಹಟ. ಮೊದಮೊದಲು 'ನುಡಿ' ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಬಳಸಿದೆ. ನನ್ನ ಕಂಪ್ಯೂಟರಿನಲ್ಲಿ ಮುತ್ತಿನಂತಿತ್ತು. ಗುತ್ತಿಗೆದಾರರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ; ಫಾಂಟ್ ಇಲ್ಲದಿದ್ದರೆ ಒಳಗಿನ ಗುಟ್ಟು ಹೊರಬೀಳುತ್ತದೆ. 'ಕನ್ನಡ' ಎಂಬ ಪದವಿದ್ದ ಕಡೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ಟೋಪಿ ಹಾಕಿದ ಎ. ಫಾಂಟ್ ಜೊತೆಗೆ ಕಳುಹಿಸದಿದ್ದದ್ದು ನನ್ನದೇ ತಪ್ಪು. ಅಂದಿನಿಂದ ಈ-ಟ್ರಾನ್ಸ್‌ಮಿಟ್ ಮಾಡುವಾಗ, ಅಂದರೆ ನಕ್ಷೆಯನ್ನು ಅದಕ್ಕೆ ಬೇಕಾದ ಕಡತಗಳೊಂದಿಗೆ ಗಂಟು ಕಟ್ಟುವಾಗ, ಫಾಂಟುಗಳನ್ನು ಸೇರಿಸುವ ಆಯ್ಕೆಗೆ ಟಿಕ್ ಹಾಕದೆ ಒಂದು ಕಡತವೂ ನನ್ನಿಂದ ಆಚೆ ಹೋಗುವುದಿಲ್ಲ.

ಈಗ ಕನ್ನಡಕ್ಕೆ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಬಳಸುತ್ತೇನೆ. ಯೂನಿಕೋಡ್ ಆದ್ದರಿಂದ ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಬರೆಯುವುದು ಹಲವು ಸಾಲು ಬರೆಯಲೆಂದೇ ಇರುವ ಎಂಟೆಕ್ಸ್ಟ್‌ನಲ್ಲಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರವನ್ನು 1.3ಕ್ಕೆ ಏರಿಸುತ್ತೇನೆ. ಮುದ್ರಿಸಿದ ಮೇಲೆ 'ಪೂರ್ವ' ಎಂಬ ಪದದ ಅರ್ಕಾವತ್ತು ಸರಿಯಾಗಿ ಕೂತಿದೆಯೇ ಎಂದು ಪ್ರತಿ ಹಾಳೆಯಲ್ಲೂ ನೋಡುತ್ತೇನೆ. ಉತ್ತರ ದಿಕ್ಕಿನ ಬಾಣದ ಪಕ್ಕ 'ಉ' ಎಂದು ಬರೆಯುವುದನ್ನು ಕಳೆದ ವರ್ಷ ಶುರು ಮಾಡಿದೆ, ಮನೆಯವರು ಮೊದಲು ಬೆರಳಿಡುವುದು ಅಲ್ಲಿಗೇ.