ಹೊನ್ನಾವರದ ಜೋಡಿ ಕಯಾಕ್: ಕಡಿಮೆ ಖರ್ಚಲ್ಲಿ ಗಂಡ-ಹೆಂಡ್ತಿ ಸೇರಿ ಮಾಡೋ ಸಾಹಸಕ್ಕೆ ನನ್ನ ವೋಟು

ಥ್ರಿಲ್ ಒಂದೇ ಬೇಕು ಅಂದ್ರೆ ಇದನ್ನ ಓದೋದೇ ಬೇಡ, ಸೀದಾ ದಾಂಡೇಲಿ ಕಡೆ ಹೋಗಿ. ಆದ್ರೆ ನಮ್ಮ ಶಿರಸಿ ಬದಿ ಹೊಸದಾಗಿ ಮದುವೆ ಆದೋರು, ಮದುವೆ ಆಗಿ ಹಳೇದಾದೋರು ಎಲ್ಲ ಕೇಳೋದು ಒಂದೇ, "ಎಂತಾದ್ರೂ ಅಡ್ವೆಂಚರ್ ಮಾಡ್ವ ಮಾರಾಯ್ತಿ, ಇಬ್ರೂ ಸೇರಿ ಮಾಡೋ ಹಂಗಿರ್ಬೇಕು, ಗೋವಾಕ್ಕೆ ಹೋಗಿ ದುಡ್ಡು ಸುರಿಯೂಕೆ ಆಗೂದಿಲ್ಲ" ಅಂತ. ಅಂಥೋರಿಗೆ ನಾನು ಹೇಳೋದು ಹೊನ್ನಾವರದ ಶರಾವತಿ ಹಿನ್ನೀರಲ್ಲಿ ಇಬ್ರು ಕೂರೋ ಕಯಾಕ್, ಅಂದ್ರೆ ಕೂತು ನಾವೇ ಹುಟ್ಟು ಹಾಕೋ ಸಪೂರದ ಸಣ್ಣ ದೋಣಿ. ಈ ರಿವ್ಯೂ ಅದರದ್ದು, ಆದ್ರೆ ಬಾಕಿದ್ದನ್ನ ಬಿಟ್ಟು ಇದನ್ನೇ ಯಾಕೆ ಹೇಳ್ತೀನಿ ಅನ್ನೋದಕ್ಕೆ ಬಾಕಿದ್ದರ ಬಗ್ಗೆನೂ ಸ್ವಲ್ಪ ಬರೀಲೇಬೇಕು.

ಮೊದ್ಲು ನೇತ್ರಾಣಿ. ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ಒಳಗಿರೋ ದ್ವೀಪ, ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸೋ ಜಾಗ, ಅದರ ಸುತ್ತ ಸ್ಕೂಬಾಕ್ಕೆ, ಅಂದ್ರೆ ಬೆನ್ನಿಗೆ ಗಾಳಿ ಟ್ಯಾಂಕ್ ಕಟ್ಕೊಂಡು ನೀರಿನಡಿ ಈಜೋಕೆ, ಇಳಿಸ್ತಾರೆ. ಸ್ಕೂಬಾ ಚೆನ್ನಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಬಣ್ಣಬಣ್ಣದ ಮೀನು ಮುಖದ ಮುಂದೇ ಹಾದು ಹೋಗ್ತವೆ, ಅದೃಷ್ಟ ಇದ್ರೆ ಆಮೆನೂ ಸಿಗ್ತದೆ. ಆದ್ರೆ ತಲೆಗೆ ಐದು ಸಾವಿರದ ಆಸುಪಾಸು ಅಂದ್ರೆ ಇಬ್ರಿಗೆ ಹತ್ತು, ಅದರ ಮೇಲೆ ರೂಮು, ಊಟ, ವಿಡಿಯೋ. ಇಷ್ಟು ಕೊಟ್ಟ ಮೇಲೆ ನೀರೊಳಗೆ ಆಗೋದೇನು? ನಿಮಗೊಬ್ರು ಇನ್‌ಸ್ಟ್ರಕ್ಟರ್, ನಿಮ್ಮ ಗಂಡನಿಗೊಬ್ರು, ಅವರವರ ಟ್ಯಾಂಕ್ ಹಿಡ್ಕೊಂಡು ಅವರವರು ಕರ್ಕೊಂಡು ಹೋಗ್ತಾರೆ, ಅವನು ಎಲ್ಲೋ ನೀವು ಎಲ್ಲೋ. ಮಾತಿಲ್ಲ, ಕೈಸನ್ನೆ ಅಷ್ಟೇ. ಅದರಲ್ಲೂ ಹೆಬ್ಬೆರಳು ಎತ್ತಿದ್ರೆ ಸೂಪರ್ ಅಂತ ಅಲ್ಲ, ಮೇಲೆ ಹೋಗೋಣ ಅಂತ ಅರ್ಥ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡ್ಬೇಕು. ದೋಣಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ರು, ಆದ್ರೂ ನಮ್ಮನೆಯವರು ಮೀನಿನ ಹಿಂಡು ನೋಡಿದ ಖುಷಿಗೆ ಹೆಬ್ಬೆರಳು ಎತ್ತಿದ್ರು, ಇನ್‌ಸ್ಟ್ರಕ್ಟರ್ ಸೀದಾ ಮೇಲಕ್ಕೆ ಕರ್ಕೊಂಡು ಹೋಗ್ಬಿಟ್ರು, ನಾನು ಕೆಳಗೆ ಒಬ್ಳೇ ಮೀನು ನೋಡ್ತಾ ಇದ್ದೆ. ಇನ್ನೊಂದು, ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಡಬಲ್, ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿ ಬಿಡಿಸ್ಕೊಳ್ತಾ ಇರ್ಬೇಕು. ನೆಗಡಿ ಇದ್ರೆ ಅದು ಆಗೋದೇ ಇಲ್ಲ, ಇಬ್ರಲ್ಲಿ ಒಬ್ರಿಗೆ ನೆಗಡಿ ಬಂತು ಅಂದ್ರೆ ಇಬ್ರ ಪ್ಲಾನೂ ಹಾಳು. ಆಸ್ತಮಾ, ಹೃದಯದ ತೊಂದ್ರೆ ಇರೋರು ಡಾಕ್ಟರ್ ಕೇಳದೆ ಹೋಗೋ ಹಾಗೇ ಇಲ್ಲ, ಬಸುರಿಯರಿಗೆ ಅಂತೂ ಇಲ್ವೇ ಇಲ್ಲ. ಡೈವ್ ಮಾಡಿ ಅದೇ ದಿನ ಗೋವಾದಿಂದ ಫ್ಲೈಟ್ ಬುಕ್ ಮಾಡೋರೂ ಇದ್ದಾರೆ, ಒಂದೇ ಡೈವ್ ಆದ್ರೂ ಕಡಿಮೆ ಅಂದ್ರೆ 12 ಗಂಟೆ ಗ್ಯಾಪ್ ಬೇಕು.

ದಾಂಡೇಲಿ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ನದಿಯ ಸೆಳವಲ್ಲಿ ಹೋಗೋದು) ಅಂತ ಎಲ್ಲರೂ ಹೇಳೋದು ನಿಜವಾಗಿ ಆಗೋದು ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ, ಕಾಳಿ ನದಿಯಲ್ಲಿ. ಸೂಪಾ ಡ್ಯಾಮಿಂದ ಕರೆಂಟಿಗೆ ನೀರು ಬಿಟ್ರೆ ಉಂಟು, ಬಿಡದಿದ್ರೆ ಇಲ್ಲ. ಮಜಾ ಬೇಕಾದಷ್ಟಿದೆ, ಆದ್ರೆ ಅದು ಜೋಡಿ ಆಟ ಅಲ್ಲ, ಗ್ಯಾಂಗ್ ಆಟ. ನಿಮ್ಮಿಬ್ರ ಜೊತೆ ಬೆಂಗಳೂರಿನ ಯಾವ್ದೋ ಆಫೀಸಿನ ನಾಲ್ಕು ಹುಡುಗರು ಹತ್ತಿರ್ತಾರೆ, ಅವರು ಕೂಗೋದೇ ಕೂಗೋದು. 2022ರ ಏಪ್ರಿಲ್‌ನಲ್ಲಿ ಅಲ್ಲೇ ಜಾಸ್ತಿ ಜನ ತುಂಬಿಸಿದ ರಾಫ್ಟ್ ಒಂದು ಸಿಕ್ಕಿಹಾಕ್ಕೊಂಡ ವಿಡಿಯೋ ಎಲ್ಲರ ವಾಟ್ಸಾಪಿಗೂ ಬಂದಿತ್ತು, ಹಾಗಾಗಿ ಹೋಗೋರು ರಾಫ್ಟಿಗೆ ಎಷ್ಟು ಜನ ಅಂತ ಕೇಳಿ, ಎಣಿಸಿ, ಆಮೇಲೇ ಹತ್ತಿ. ಪ್ಯಾರಾಸೇಲಿಂಗ್, ಜೆಟ್‌ಸ್ಕೀ, ಬನಾನಾ ರೈಡ್ ಬಗ್ಗೆ ಬರೆಯೋಕೆ ಏನೂ ಇಲ್ಲ. ಕೂತ್ಕೋತೀರಿ, ಯಾರೋ ಎಳೀತಾರೆ, ಮುಗೀತು, ಮುಂದಿನೋರು ಬನ್ನಿ.

ಈಗ ಕಯಾಕ್. ಜಾಗ ಶರಾವತಿ ಸಮುದ್ರ ಸೇರೋಕೆ ಮುಂಚಿನ ಅಗಲವಾದ ನೀರು, ಹೆದ್ದಾರಿ ಸೇತುವೆಯಿಂದ ಮೇಲಕ್ಕೆ. ಎರಡು ಕಿಲೋಮೀಟರಿಗೂ ಉದ್ದದ ರೈಲ್ವೆ ಸೇತುವೆ ಇದೆಯಲ್ಲ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು, ಅದರ ಮೇಲೆ ರೈಲು ಹೋಗೋದನ್ನ ನೀರಿನ ಮಟ್ಟದಿಂದ ನೋಡೋದು ಬೇರೇನೇ ಮಜಾ. ದಡದುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಮಧ್ಯ ಮಧ್ಯ ತೆಂಗಿನ ತೋಟದ ಕುರ್ವೆಗಳು, ಅಂದ್ರೆ ನದಿ ನಡುವಿನ ಸಣ್ಣ ದ್ವೀಪಗಳು. ಈ ಬದಿ ಕಯಾಕ್ ಕೊಡೋರು ಬೇರೆ ಬೇರೆ ಜನ ಇದ್ದಾರೆ, ನಾವು ಹೋಗಿದ್ದು ಒಬ್ಬ ಸ್ಥಳೀಯ ಹುಡುಗನ ಹತ್ರ, ಮನೆಯವರು ಮೀನುಗಾರರು, ದೋಣಿ ಅಂದ್ರೆ ಹುಟ್ಟಿದಾಗಿಂದ ಗೊತ್ತು. ಇಬ್ರಿಗೂ ಸೇರಿ ಸಾವಿರದ ಒಳಗೇ ಆಯ್ತು, ಜಾಕೆಟ್, ಮೊಬೈಲ್ ಹಾಕೋಕೆ ಡ್ರೈ ಬ್ಯಾಗ್, ಪಕ್ಕದಲ್ಲಿ ಇನ್ನೊಂದು ಕಯಾಕಿನಲ್ಲಿ ಬರೋ ಅವನು, ಎಲ್ಲ ಸೇರಿ. ವೀಕೆಂಡಲ್ಲಿ ರೇಟು ಏರ್ತದೆ, ಚೌಕಾಸಿ ಮಾಡಿ ಆದ್ರೆ ಜಾಸ್ತಿ ಹಿಂಡ್ಬೇಡಿ, ಮಳೆಗಾಲದ ನಾಲ್ಕು ತಿಂಗಳು ಅವರಿಗೆ ಸಂಪಾದನೆ ಇಲ್ಲ.

ಇವು ಸಿಟ್-ಆನ್-ಟಾಪ್ ಅನ್ನೋ ಥರದವು, ಅಂದ್ರೆ ಒಳಗೆ ಕಾಲು ತೂರಿಸಿ ಕೂರೋದಲ್ಲ, ಮೇಲೆ ಕೂರೋದು. ನೀರು ಬಂದ್ರೆ ತಳದ ತೂತಿನಿಂದ ತಾನೇ ಹೊರಗೆ ಹೋಗ್ತದೆ, ಮಗುಚಿದ್ರೂ ನೀವು ಒಳಗೆ ಸಿಕ್ಕಿಹಾಕ್ಕೊಳ್ಳೋ ಭಯ ಇಲ್ಲ. ಹೆದರೋರಿಗೆ ನಾನು ಮೊದ್ಲು ಹೇಳೋದು ಇದನ್ನೇ. ಕೂರೋ ವಿಷಯದಲ್ಲಿ ನಮ್ಮಲ್ಲಿ ಸಣ್ಣ ಯುದ್ಧ ಆಯ್ತು. ಎಲ್ಲ ಗಂಡಸರ ಥರ ಇವರಿಗೂ ಮುಂದೆ ಕೂರ್ಬೇಕು, ಯಾಕಂದ್ರೆ ಫೋಟೋದಲ್ಲಿ ಮುಂದೆ ಕೂತೋನು ಕ್ಯಾಪ್ಟನ್ ಥರ ಕಾಣ್ತಾನೆ. ಆ ಹುಡುಗ ನಕ್ಕು, "ಅಣ್ಣಾ, ತೂಕ ಇದ್ದೋರು ಹಿಂದೆ. ಅಕ್ಕ ಮುಂದೆ ಕೂತು ತಾಳ ಹಾಕ್ಲಿ, ನೀವು ಹಿಂದಿಂದ ತಿರುಗ್ಸಿ" ಅಂದ. ಅದೇ ಸರಿ. ಮುಂದಿನವರಿಗೆ ಹಿಂದೆ ಏನಾಗ್ತಿದೆ ಕಾಣಲ್ಲ, ಹಾಗಾಗಿ ಮುಂದಿನವರು ಒಂದೇ ಲಯದಲ್ಲಿ ಹುಟ್ಟು ಹಾಕ್ತಾ ಹೋಗ್ಬೇಕು, ಹಿಂದಿನವರು ಅದನ್ನ ನೋಡಿ ಅದೇ ಹೊತ್ತಿಗೆ ಅದೇ ಬದಿಗೆ ಹಾಕ್ಬೇಕು, ಇಲ್ಲಾಂದ್ರೆ ಎರಡೂ ಹುಟ್ಟು ಠಕ್ ಅಂತ ಬಡ್ಕೊಳ್ತವೆ. ಬಲಕ್ಕೆ ತಿರುಗ್ಬೇಕು ಅಂದ್ರೆ ಎಡಕ್ಕೆ ಅಗಲವಾಗಿ ಹಾಕ್ಬೇಕು, ಇದು ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕು. ಇಬ್ರೂ ತಿರುಗಿಸೋಕೆ ಹೋದ್ರೆ ದೋಣಿ ನೇರ ಹೋಗಿ ಕಾಂಡ್ಲಾ ಬುಡಕ್ಕೆ ನುಗ್ತದೆ, ನುಗ್ಗಿತು ಕೂಡ.

ಹೊರದೇಶದಲ್ಲಿ ಈ ಇಬ್ರು ಕೂರೋ ಕಯಾಕಿಗೆ ತಮಾಷೆಗೆ ಡಿವೋರ್ಸ್ ಬೋಟ್ ಅಂತಾರಂತೆ, ಮೊದಲ ಹದಿನೈದು ನಿಮಿಷ ಕೂತ್ರೆ ಯಾಕೆ ಅಂತ ಗೊತ್ತಾಗ್ತದೆ. "ನೀ ಹಾಕೂದೇ ಇಲ್ಲ", "ನೀವು ನನ್ನ ತಾಳ ನೋಡೂದೇ ಇಲ್ಲ", ಮನೆಯಲ್ಲಿ ನಡೆಯೋ ಜಗಳವೇ, ಜಾಗ ಮಾತ್ರ ನೀರ ಮೇಲೆ. ಆದ್ರೆ ಮನೆಯಲ್ಲಾದ್ರೆ ಒಬ್ರು ಎದ್ದು ಬೇರೆ ಕೋಣೆಗೆ ಹೋಗ್ಬಹುದು, ಇಲ್ಲಿ ಎಲ್ಲಿಗೆ ಹೋಗ್ತೀರಿ, ದಡಕ್ಕೆ ಬರ್ಬೇಕು ಅಂದ್ರೆ ಇಬ್ರೂ ಸೇರಿಯೇ ಹುಟ್ಟು ಹಾಕ್ಬೇಕು. ಆಮೇಲೆ ಯಾವಾಗಲೋ ಗೊತ್ತಿಲ್ದೇ ತಾಳ ಕೂಡ್ತದೆ, ಮಾತಾಡ್ದೇನೂ ದೋಣಿ ನೇರ ಹೋಗ್ತದೆ, ಆಗ ನಿಜವಾಗಿ ಮಾತಾಡೋಕೂ ಹೊತ್ತು ಸಿಗ್ತದೆ. ನಾವು ಮನೆ ಸಾಲ, ಅತ್ತೆ ಮೊಣಕಾಲು ನೋವು, ಈ ಸಲದ ಅಡಿಕೆ ಕೊಳೆ, ಎಲ್ಲ ಮಾತಾಡಿದ್ವಿ. ರೊಮ್ಯಾಂಟಿಕ್ ಅಲ್ಲ ಅಂತ ಗೊತ್ತು, ಆದ್ರೆ ಮಧ್ಯ ಯಾರ ಫೋನೂ ಬರ್ಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅನ್ನಿಸ್ತು.

ಹೊತ್ತಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಯಾಕಂದ್ರೆ ಇಡೀ ಅನುಭವ ಅದರ ಮೇಲೇ ನಿಂತಿದೆ. ಇಲ್ಲಿ ದಿನಕ್ಕೆ ಎರಡು ಸಲ ಭರತ (ಸಮುದ್ರದ ನೀರು ಏರೋದು), ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ ಆಗ್ತಾ ಹೋಗ್ತದೆ. ಕಾಂಡ್ಲಾ ಮಧ್ಯದ ಸಣ್ಣ ಹಳ್ಳಗಳ ಒಳಗೆ ಕಯಾಕ್ ಹೋಗ್ಬೇಕು ಅಂದ್ರೆ ನೀರು ಏರಿರ್ಬೇಕು, ಇಳಿತದಲ್ಲಿ ಹೋದ್ರೆ ಕೆಸರಲ್ಲಿ ಕೂತ್ಬಿಡ್ತದೆ, ಇಳಿದು ತಳ್ಳೋಕೂ ಆಗಲ್ಲ. ಹಾಗಂತ ಇಳಿತದಲ್ಲಿ ನೋಡೋಕೆ ಏನಿಲ್ಲ ಅಂತಲ್ಲ, ಬೇರುಗಳೆಲ್ಲ ಹೊರಗೆ ಬಂದಿರ್ತವೆ, ಕೆಸರ ಮೇಲೆ ಸಣ್ಣ ಸಣ್ಣ ಏಡಿ, ಬಳಚು (ತಿನ್ನೋ ಚಿಪ್ಪು) ಹೆಕ್ಕೋ ಹೆಂಗಸರು. ಅದನ್ನ ನೋಡೋಕೆ ಕಾಸರಕೋಡಲ್ಲಿ ಅರಣ್ಯ ಇಲಾಖೆಯವರ ಕಾಂಡ್ಲಾ ನಡಿಗೆಯ ಮರದ ಸೇತುವೆ ಇದೆ, ಸಣ್ಣ ಟಿಕೆಟ್, ಅಲ್ಲಿ ನಡೀರಿ. ಹುಣ್ಣಿಮೆ ಅಮಾವಾಸ್ಯೆ ಆಚೀಚೆ ಏರೋದೂ ಜಾಸ್ತಿ, ಎಳೆಯೋದೂ ಜಾಸ್ತಿ, ಹೊಸಬರು ಆ ದಿನ ಬಿಟ್ಟು ಹೋದ್ರೆ ಒಳ್ಳೇದು. ಇನ್ನು ಗಾಳಿ. ಮಧ್ಯಾಹ್ನ ಆದ್ಮೇಲೆ ಸಮುದ್ರದ ಕಡೆಯಿಂದ ಬೀಸೋಕೆ ಶುರು ಆಗ್ತದೆ, ಅಗಲದ ನೀರಲ್ಲಿ ಅದಕ್ಕೆ ಎದುರಾಗಿ ಹುಟ್ಟು ಹಾಕೋದು ಭುಜಕ್ಕೆ ಶಿಕ್ಷೆ. ಸೂರ್ಯಾಸ್ತದ ಫೋಟೋ ಆಸೆಗೆ ಸಂಜೆ ಹೋಗೋರೇ ಜಾಸ್ತಿ, ನನ್ನ ಪ್ರಕಾರ ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ ಹೋಗೋದೇ ಚಂದ, ನೀರು ಅಲ್ಲಾಡೋದೂ ಇಲ್ಲ, ಹಕ್ಕಿನೂ ಜಾಸ್ತಿ. ಬುಕ್ ಮಾಡುವಾಗ "ಎಷ್ಟು ಗಂಟೆಗೆ ಖಾಲಿ ಇದೆ" ಅಂತ ಕೇಳ್ಬೇಡಿ, "ಆ ದಿನ ಭರತ ಎಷ್ಟೊತ್ತಿಗೆ" ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ನೋಡಿ.

ಕರಾವಳಿಯಲ್ಲೇ ಇನ್ನೊಂದು ಕಡೆ, ಹೆಸರು ಬೇಡ, ನಮಗೆ ಕೊಟ್ಟ ಲೈಫ್ ಜಾಕೆಟಿನ ಬಕಲ್ ಮುರಿದಿತ್ತು. ಹೇಳಿದ್ರೆ "ಏನೂ ಆಗೂದಿಲ್ಲ ಮೇಡಂ, ದಾರ ಕಟ್ಕೊಳ್ಳಿ" ಅಂದ್ರು. ನಾವು ಅಡ್ವಾನ್ಸ್ ಬಿಟ್ಟು ವಾಪಸ್ ಬಂದ್ವಿ. 2024ರ ಡಿಸೆಂಬರಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಹುಡುಗಿಯರು ನೀರುಪಾಲಾದ ಸುದ್ದಿ ಕೇಳಿದ ಮೇಲೂ "ಏನೂ ಆಗೂದಿಲ್ಲ" ಅನ್ನೋರ ಹತ್ರ ದುಡ್ಡು ಕೊಡ್ಬಾರ್ದು. ಹಾಕ್ಕೊಂಡ ಮೇಲೆ ಜಾಕೆಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಯೋಕೆ ನಿಮ್ಮ ಜೊತೆಗಾರರಿಗೆ ಹೇಳಿ, ಕಿವಿವರೆಗೆ ಬಂತು ಅಂದ್ರೆ ಸಡಿಲ, ಪಟ್ಟಿ ಬಿಗಿ ಮಾಡ್ಬೇಕು. ಈಜು ಬರಲ್ಲ ಅನ್ನೋರೂ ಹೋಗ್ಬಹುದು, ನನಗೂ ಅಷ್ಟಕ್ಕಷ್ಟೇ. ಆದ್ರೆ ಒಂದು ಸಲ ದಡದ ಹತ್ರ ಬೇಕಂತಲೇ ಬಿದ್ದು ಹತ್ತೋದನ್ನ ಮಾಡಿಸ್ತಾರಾ ಕೇಳಿ. ಪಕ್ಕದಿಂದ ಹೊಟ್ಟೆ ಮೇಲೆ ಎಳ್ಕೊಂಡು ಬಂದು ಆಮೇಲೆ ತಿರುಗಿ ಕೂರೋದು, ಚಂದ ಏನೂ ಕಾಣಲ್ಲ, ದಡಕ್ಕೆ ಎಳೆದ ಎಮ್ಮೆಯ ಹಾಗೆ ಕಾಣ್ತೀರಿ, ಆದ್ರೆ ಅದು ಬಂತು ಅಂದ್ರೆ ಅರ್ಧ ಹೆದರಿಕೆ ಅಲ್ಲೇ ಹೋಗ್ತದೆ.

ಅಳಿವೆ ಕಡೆ ಮಾತ್ರ ಯಾರು ಕರೆದ್ರೂ ಹೋಗ್ಬೇಡಿ. ನದಿ ಸಮುದ್ರ ಸೇರೋ ಆ ಬಾಯಲ್ಲಿ ಮರಳು ದಿಬ್ಬ ಜಾಗ ಬದಲಿಸ್ತಾ ಇರ್ತದೆ, ದೊಡ್ಡ ಮೀನುಗಾರಿಕೆ ಬೋಟುಗಳೇ ಅಲ್ಲಿ ಸಿಕ್ಕಿ ಹಾಳಾಗಿದ್ದಾವೆ, ಪ್ಲಾಸ್ಟಿಕ್ ಕಯಾಕ್ ಯಾವ ಲೆಕ್ಕ. ಜೂನಿಂದ ಸೆಪ್ಟೆಂಬರ್ ಕೂಡ ಬೇಡ, ಮಳೆ ನೀರಿನ ಜೊತೆ ಗೇರುಸೊಪ್ಪ ಡ್ಯಾಮಿಂದಲೂ ಬಿಟ್ರೆ ಸೆಳವು ಬೇರೆಯೇ. ನವೆಂಬರಿಂದ ಫೆಬ್ರವರಿ ಚೆನ್ನ, ಏಪ್ರಿಲ್-ಮೇ ಸೆಖೆಗೆ ನಮ್ಮಂಥ ಘಟ್ಟದ ಮೇಲಿನೋರು ಕರಗಿಹೋಗ್ತೀವಿ. ಮೀನುಗಾರರ ಬಲೆ ಕಟ್ಟಿರ್ತಾರೆ, ಕಂಬ ಅಥವಾ ತೇಲೋ ಬುರುಡೆ ಕಂಡ್ರೆ ಸುತ್ತು ಹಾಕಿ ಹೋಗಿ, ಅದು ಅವರ ಅನ್ನ.

ಬೇಜಾರಿನ ಸಂಗತಿನೂ ಹೇಳ್ಬೇಕಲ್ಲ. ಬಟ್ಟೆ ಬದಲಿಸೋಕೆ ಸರಿಯಾದ ಜಾಗ ಇರ್ಲಿಲ್ಲ, ತೆಂಗಿನ ಗರಿ ಕಟ್ಟಿದ ಒಂದು ಮರೆ ಅಷ್ಟೇ, ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ. ಹತ್ರದ ಕಾಸರಕೋಡ ಬೀಚು 2020ರಲ್ಲೇ ಬ್ಲೂ ಫ್ಲ್ಯಾಗ್ ಪಡೆದದ್ದು, ಅಲ್ಲಿ ಸ್ನಾನಕ್ಕೆ, ಬಟ್ಟೆ ಬದಲಿಸೋಕೆ ವ್ಯವಸ್ಥೆ ಇದೆ, ನಾವು ಒದ್ದೆ ಬಟ್ಟೆಯಲ್ಲೇ ಅಲ್ಲಿವರೆಗೆ ಹೋಗಿ ಬದಲಿಸಿದ್ವಿ. ಡಬಲ್ ಕಯಾಕಿಗೆ ತೂಕದ ಮಿತಿ ಇರ್ತದೆ, ಅದನ್ನ ಅವರಾಗೇ ಹೇಳಲ್ಲ, ಇಬ್ರೂ ದಪ್ಪ ಇದ್ರೆ ಫೋನಲ್ಲೇ ಕೇಳಿ. ಭುಜ, ಬೆನ್ನು ನೋವಿನ ಹಳೇ ತೊಂದ್ರೆ ಇರೋರಿಗೆ ಒಂದು ಗಂಟೆ ಸಾಕು, ಎರಡು ಗಂಟೆದು ತಗೊಳ್ಬೇಡಿ. ಕೈಯಲ್ಲಿ ಎಳೆಯೋದಲ್ಲ, ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸಿ ಹಾಕ್ಬೇಕು, ಅದು ಗೊತ್ತಾದ್ರೆ ನೋವು ಕಡಿಮೆ.

ಶಿರಸಿಯಿಂದ ಹೋಗೋರು ಕುಮಟಾ ಮೇಲೆ ಹೋದ್ರೆ ಸುಮಾರು 80 ಕಿಲೋಮೀಟರ್, ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರ್ಬಹುದು, ರೂಮಿನ ಖರ್ಚೇ ಇಲ್ಲ. ಆ ದಾರಿಯ ದೇವಿಮನೆ ಘಟ್ಟ ತೆರೆದಿದೆಯಾ ಅಂತ ಮೊದ್ಲು ವಿಚಾರಿಸಿ ಹೊರಡಿ. ಕಾರವಾರದೋರಿಗೆ ರೈಲೇ ಸುಖ, ಹೊನ್ನಾವರ ಸ್ಟೇಷನ್ನಲ್ಲಿ ಇಳಿದು ಆಟೋ. ಟೋಪಿ, ಹಳೇ ಚಪ್ಪಲಿ, ಉದ್ದ ತೋಳಿನ ಅಂಗಿ ತಗೊಂಡು ಹೋಗಿ, ಜೀನ್ಸ್ ಮಾತ್ರ ಹಾಕ್ಬೇಡಿ, ಒದ್ದೆ ಆದ್ರೆ ಸಂಜೆವರೆಗೂ ಒಣಗಲ್ಲ.